ದಾಗಡಿ ಸೊಪ್ಪಿನ ಸಾಕ್ಷಿ

ಎಲ್ಲಕ್ಕೂ ಕಾರಣ ಒಂದು ತೇಗು. ಅದೂ ಊಟಕ್ಕೆ ಮೊದಲು ಬಂದ ತೇಗು. ಉಂಡ ಮೇಲೆ ತೇಗಿದರೆ ಬಡಿಸಿದವರಿಗೆ ಸಂತೋಷ. ಎಲೆ ಹಾಕುವ ಮೊದಲೇ ತೇಗಿದರೆ ಜನ ತಿರುಗಿ ನೋಡುತ್ತಾರೆ. ಶಿವಮೊಗ್ಗದ ಗೋಪಾಳದಲ್ಲಿ ನೆಂಟರ ಮನೆಯ ನಾಮಕರಣದ ದಿನ ಕಾಂತರಾಜ್ ಮೇಷ್ಟ್ರು ಹಾಗೆ ತೇಗಿದಾಗ, ಪಕ್ಕದಲ್ಲಿದ್ದ ಅವನ ತಾಯಿ ಬಂಗಾರಮ್ಮ ಮೊದಲು ಮಗನ ಮುಖ ನೋಡಿದಳು, ಆಮೇಲೆ ಎದುರು ಪಂಕ್ತಿಯಲ್ಲಿ ಕೂತಿದ್ದ ಸೊಸೆ ಹೇಮಶ್ರೀಯ ಮುಖ ನೋಡಿದಳು.

"ಇದು ಹಸಿವಿನ ತೇಗಲ್ಲ, ಮದ್ದಿನ ತೇಗು" ಅಂದಳು.

ನಮ್ಮ ಕಡೆ ಮದ್ದು ಎಂದರೆ ವಾಸಿ ಮಾಡುವುದೂ ಹೌದು, ಹಾಳು ಮಾಡುವುದೂ ಹೌದು. ಹೇಳಿ ಕುಡಿಸಿದರೆ ಔಷಧಿ, ಹೇಳದೆ ಅನ್ನದಲ್ಲಿ ಕಲಸಿಕೊಟ್ಟರೆ ಕೈಮದ್ದು. ಎರಡಕ್ಕೂ ಒಂದೇ ಹೆಸರಿಟ್ಟ ಪುಣ್ಯಾತ್ಮ ಯಾರೋ ಗೊತ್ತಿಲ್ಲ. ಅವನಿಂದ ಒಡೆದ ಮನೆಗಳಿಗೆ ಲೆಕ್ಕವಿಲ್ಲ.

ಕಾಂತರಾಜನ ಹೊಟ್ಟೆ ಕೆಲವು ತಿಂಗಳಿಂದ ಉರಿಯುತ್ತಿದ್ದದ್ದು ನಿಜ. ಅವನು ಹೈಸ್ಕೂಲಿನಲ್ಲಿ ವಿಜ್ಞಾನದ ಮೇಷ್ಟ್ರು. ತರಗತಿಯಲ್ಲಿ ಹುಲಿ, ಜಠರರಸದ ಪಾಠ ಶುರುಮಾಡಿದರೆ ಹಿಂದಿನ ಬೆಂಚಿನವರಿಗೂ ಹಸಿವಾಗುತ್ತಿತ್ತು. ಅವ್ವನ ಮುಂದೆ ಮಾತ್ರ ಅವನ ನಾಲಿಗೆ ಅಂಗುಳಕ್ಕೆ ಅಂಟಿಕೊಂಡುಬಿಡುತ್ತಿತ್ತು. 'ಅಸಿಡಿಟಿ ಅವ್ವ, ಮಾತ್ರೆ ತಗೊಂಡ್ರೆ ಹೋಗುತ್ತೆ' ಎಂದು ಹೇಳಬೇಕೆಂದುಕೊಂಡ. ಹೇಳಲಿಲ್ಲ. ಹಾಗಾಗಿ ಮುಂದಿನ ಭಾನುವಾರ ಗಾಜನೂರಿನಲ್ಲಿ, ಮದ್ದು ತೆಗೆಯುವ ಜಟ್ಟಪ್ಪನ ಜಗಲಿಯ ಮೇಲೆ ಅಂಗೈ ಚಾಚಿಕೊಂಡು ಕೂತಿದ್ದ.

ಜಟ್ಟಪ್ಪ ಯಾವುದೋ ಸೊಪ್ಪನ್ನು ಮುಷ್ಟಿಯಲ್ಲಿ ಹಿಂಡಿ, ಹಸಿರು ರಸವನ್ನು ಅವನ ಅಂಗೈಗೆ ಬಿಟ್ಟ. "ಸೊಪ್ಪಿನ ಹೆಸರು ಕೇಳಂಗಿಲ್ಲ ಮೇಷ್ಟ್ರೇ. ಕೇಳಿದ್ರೆ ಗುಣ ಹೋಗ್ತದೆ. ರಸ ಗಟ್ಟಿಯಾದ್ರೆ ಹೊಟ್ಟೇಲಿ ಮದ್ದಿದೆ ಅಂತ. ಹರಿದು ಹೋದ್ರೆ ಇಲ್ಲ ಅಂತ."

ರಸ ನೋಡನೋಡುತ್ತ ಹಲ್ವದ ಹಾಗೆ ಗಟ್ಟಿಯಾಯಿತು. ಜಟ್ಟಪ್ಪ ನಿಟ್ಟುಸಿರು ಬಿಟ್ಟು, "ಮನೆ ಅನ್ನದಲ್ಲೇ ಬಂದಿದೆ. ಹೆಣ್ಣು ಕೈ" ಅಂದ.

ಕಾಂತರಾಜನಿಗೆ ಆ ಸೊಪ್ಪು ನೋಡಿದ ಕೂಡಲೇ ಗೊತ್ತಾಗಿತ್ತು. ದಾಗಡಿ. ಅವನ ಶಾಲೆಯ ಬೇಲಿಯ ತುಂಬ ಹಬ್ಬಿರುವ ಬಳ್ಳಿ. ಅದರ ರಸದ ಗುಣವೇ ಹೆಪ್ಪುಗಟ್ಟುವುದು. ಅಂಗೈಯಲ್ಲಾದರೂ ಅಷ್ಟೆ, ಬಂಡೆಯ ಮೇಲಾದರೂ ಅಷ್ಟೆ. ಮಕ್ಕಳು ಬಿಡುವಿನ ಹೊತ್ತಿನಲ್ಲಿ ಅದನ್ನು ಹಿಂಡಿ ಜೆಲ್ಲಿ ಮಾಡಿ ಆಡುತ್ತಾರೆ. ಇಷ್ಟನ್ನೂ ಹೇಳಲು ಬಾಯಿ ತೆರೆದ. ಪಕ್ಕದಲ್ಲಿ ಅವ್ವ ಕೂತಿದ್ದಳು. ಆಕಳಿಸಿದಂತೆ ಮಾಡಿ ಬಾಯಿ ಮುಚ್ಚಿಕೊಂಡ.

ಮನೆಗೆ ಬಂದು ಹೆಂಡತಿಯ ಬಳಿ ಗುಟ್ಟಾಗಿ ಎಲ್ಲವನ್ನೂ ಹೇಳಿದ. ಅವಳು ನಗುತ್ತಾಳೆ ಎಂದುಕೊಂಡಿದ್ದ. ಹೇಮಶ್ರೀ ನಗಲಿಲ್ಲ.

"ಗೊತ್ತಿದ್ದೂ ಸುಮ್ನೆ ಕೂತಿದ್ರಾ?"

"ಅವ್ವ ಇದ್ಲಲ್ಲ ಮಾರಾಯ್ತಿ."

"ಅತ್ತೆ ಅಂದಿದ್ದಕ್ಕೆ ನಂಗೆ ಬೇಜಾರಿಲ್ಲ ಕಣ್ರೀ. ಅವರಿಗೆ ಗೊತ್ತಿಲ್ಲ, ಅಂದ್ರು. ನಿಮಗೆ ಗೊತ್ತಿತ್ತು." ಅವಳು ಬೀರುವಿನಿಂದ ಸೀರೆಗಳನ್ನು ತೆಗೆದು ಬ್ಯಾಗಿಗೆ ತುಂಬತೊಡಗಿದಳು. "ಅವರೆದುರಿಗೆ ನಿಂತು, ನನ್ನ ಹೆಂಡ್ತಿ ನಂಗೆ ಏನೂ ಹಾಕಿಲ್ಲ ಅಂತ ಬಾಯಿಬಿಟ್ಟು ಹೇಳಿ. ಅವತ್ತು ಬರ್ತೀನಿ. ಆಗ್ದಿದ್ರೆ ನಿಮ್ಮ ಶಾಲೆ ಮಕ್ಕಳ ಮುಂದೇನೇ ಕೂಗಾಡ್ಕೊಂಡಿರಿ."

ಹೇಮಶ್ರೀ ಭದ್ರಾವತಿಯ ತವರಿಗೆ ಹೋದಳು. ಮನೆ ಬಿಕೋ ಎಂದಿತು. ದಿನಾ ಬೆಳಗ್ಗೆ ಅವಳು ಮಾಡಿಕೊಡುತ್ತಿದ್ದ ಕಷಾಯ ನಿಂತಿತು. ಅದೇನೂ ರುಚಿಯ ಕಷಾಯವಲ್ಲ, ಕಹಿ. ಅದರಲ್ಲಿ ಬಾಣಂತಿ ಮನೆಯ ವಾಸನೆಯಂಥದ್ದೊಂದು ವಾಸನೆ ಇರುತ್ತಿತ್ತು. ಆದರೂ ಅವಳು ಲೋಟ ಹಿಡಿದು ಎದುರಿಗೆ ನಿಂತು, ಅವನು ಕುಡಿದು ಮುಗಿಸುವ ತನಕ ಏನೋ ಕಾಯುವವಳಂತೆ ಅವನ ಬಾಯನ್ನೇ ನೋಡುತ್ತಿದ್ದದ್ದು ನೆನಪಾಗಿ ಕಾಂತರಾಜನಿಗೆ ಅಳು ಬರುತ್ತಿತ್ತು. ಈಗ ಸಂಜೆಗೆ ಅವ್ವ ತಂದಿಡುವ ಜಟ್ಟಪ್ಪನ ಕಪ್ಪು ರಸ ಮಾತ್ರ. ಅದನ್ನು ಬೇಡ ಎನ್ನುವ ಧೈರ್ಯವೂ ಅವನಿಗಿರಲಿಲ್ಲ. ಅವ್ವ ಅತ್ತ ತಿರುಗಿದಾಗ ಹಿತ್ತಲಿನ ದಾಸವಾಳದ ಬುಡಕ್ಕೆ ಸುರಿದು, ಬಾಯಿ ಒರೆಸಿಕೊಂಡು ಒಳಗೆ ಬರುತ್ತಿದ್ದ. ದಾಸವಾಳದ ಎಲೆಗಳು ಒಂದೊಂದೇ ಉದುರಿದವು. ಯಾರದೋ ಕಣ್ಣು ಬಿದ್ದಿದೆ ಎಂದು ಅವ್ವ ಗಿಡಕ್ಕೆ ಹಳೇ ಚಪ್ಪಲಿ ಕಟ್ಟಿದಳು.

ಈ ನಡುವೆ ಅವನ ಹೊಟ್ಟೆಯ ಉರಿ ತಾನಾಗಿ ಇಳಿಯಿತು.

"ಕಂಡ್ಯಾ? ಅವಳು ಹೋದ್ಲು, ಹೊಟ್ಟೆ ತಣ್ಣಗಾಯ್ತು" ಎಂದಳು ಬಂಗಾರಮ್ಮ.

ಕಾಕತಾಳೀಯ ಎಂದು ವಿಜ್ಞಾನದ ಮೇಷ್ಟ್ರು ಮನಸ್ಸಿನಲ್ಲೇ ಉತ್ತರ ಬರೆದ. ಹೊಟ್ಟೆಯ ಉರಿ ಹೋದ ಜಾಗಕ್ಕೆ ಬೇರೊಂದು ಉರಿ ಬಂದಿತ್ತು. ಅದಕ್ಕೆ ಜಟ್ಟಪ್ಪನ ಬಳಿಯೂ ಸೊಪ್ಪಿರಲಿಲ್ಲ.

ಕೊನೆಗೊಂದು ಭಾನುವಾರ ಅವನು ಗಟ್ಟಿ ಮನಸ್ಸು ಮಾಡಿದ. ಬಾಯಿಬಿಟ್ಟು ಹೇಳುವುದು ತನ್ನಿಂದಾಗದ ಕೆಲಸ. ಸೊಪ್ಪೇ ಹೇಳಲಿ. ಎಲ್ಲರ ಅಂಗೈಗೂ ರಸ ಬಿಟ್ಟು, ಎಲ್ಲರದೂ ಗಟ್ಟಿಯಾಗುವುದನ್ನು ಅವ್ವನ ಕಣ್ಣಿಗೇ ತೋರಿಸಿದರೆ ಆಯಿತಲ್ಲ. ಪ್ರಯೋಗ ಮಾತಾಡಿದರೆ ಮೇಷ್ಟ್ರು ಮಾತಾಡಬೇಕಿಲ್ಲ.

"ಅವ್ವ, ಭದ್ರಾವತಿಗೆ ಹೋಗೋಣ. ಅವರ ಮನೇಲೇ ಎಲ್ಲರೆದುರಿಗೆ ಪರೀಕ್ಷೆ ಆಗ್ಲಿ" ಎಂದ.

"ನಡಿ" ಎಂದ ಬಂಗಾರಮ್ಮ ಮದುವೆಗೆ ಹೋಗುವ ಸೀರೆ ಉಟ್ಟು ಬಂದಳು.

ಶಾಲೆಯ ಬೇಲಿಯಿಂದ ಒಂದು ಚೀಲ ದಾಗಡಿ ಸೊಪ್ಪು ಕಿತ್ತಾಯಿತು. ಅಲ್ಲಿ ಹೋಗಿ ಹಿಂಡುತ್ತ ಕೂತರೆ ಹೊತ್ತಾಗುತ್ತದೆಂದು ಅರ್ಧದಷ್ಟನ್ನು ಮನೆಯಲ್ಲೇ ಹಿಂಡಿ ನೀರಿನ ಬಾಟಲಿಗೆ ತುಂಬಿಕೊಂಡ. ಹೆಪ್ಪುಗಟ್ಟುವ ರಸ ಬಾಟಲಿಯಲ್ಲೂ ಹೆಪ್ಪುಗಟ್ಟುತ್ತದೆ ಎಂಬುದು ಅವನಿಗೆ ಹೊಳೆದದ್ದು ಬಸ್ಸು ಶಿವಮೊಗ್ಗ ದಾಟಿದ ಮೇಲೆ. ತೊಡೆಯ ಮೇಲಿದ್ದ ಬಾಟಲಿಯನ್ನು ಬಗ್ಗಿಸಿದ. ಅಲುಗಲಿಲ್ಲ. ತಲೆಕೆಳಗು ಮಾಡಿದ. ಹಸಿರು ಮುದ್ದೆ ತಳದಲ್ಲೇ ಅಂಟಿಕೊಂಡಿತ್ತು.

ಒಂದು ಕ್ಷಣ ಅವನಿಗೆ ಖುಷಿಯಾಯಿತು. ಇದಕ್ಕಿಂತ ಪುರಾವೆ ಬೇಕೆ? ಬಾಟಲಿಯನ್ನು ಅವ್ವನ ಮುಂದೆ ಹಿಡಿದ. ಬಂಗಾರಮ್ಮ ಬಾಟಲಿ ನೋಡಿ, ಮಗನ ತೊಡೆ ನೋಡಿ, ಕಣ್ಣಲ್ಲಿ ನೀರು ತಂದುಕೊಂಡಳು.

"ಬರೀ ತೊಡೆ ಮೇಲೆ ಇಟ್ಕೊಂಡಿದ್ದಕ್ಕೇ ಹಿಂಗೆ ಗಟ್ಟಿಯಾಗೈತಲ್ಲೋ. ಮೈಯೊಳಗೆ ಇನ್ನೆಷ್ಟು ಇಳಿಸಿದಾಳೋ."

ಮುಂದಿನ ಸೀಟಿನವರು ತಿರುಗಿ ನೋಡಿ, ಸ್ವಲ್ಪ ಮುಂದಕ್ಕೆ ಸರಿದು ಕೂತರು.

ನ್ಯೂ ಟೌನಿನ ಸಾಲುಮನೆಗಳಲ್ಲಿ ಹೇಮಶ್ರೀಯ ತಂದೆ ಓಬಯ್ಯನದು ಕೊನೆಯ ಮನೆ. ಕಾರ್ಖಾನೆಯ ಕುಲುಮೆಯ ಮುಂದೆ ಆಯಸ್ಸು ಸವೆಸಿ ನಿವೃತ್ತನಾದವನು. ಈಗ ಸದ್ದಿಲ್ಲದ ಚಿಮಣಿಗಳ ಕಡೆ ಮುಖ ಮಾಡಿ ಕುರ್ಚಿ ಹಾಕಿಕೊಂಡು ಕೂರುವುದೇ ಅವನ ಡ್ಯೂಟಿ. ಗೋಡೆಗಳ ಬಣ್ಣ ಸುಲಿದಿತ್ತು. ಸಾಲಿನ ಜನರಿಗೂ ಮಾಡಲು ಹೆಚ್ಚು ಕೆಲಸವಿರಲಿಲ್ಲ, ಆದ್ದರಿಂದ ಪಕ್ಕದ ಮನೆಯೇ ಟಿವಿ. ಅಳಿಯ, ಅಳಿಯನ ತಾಯಿ, ಒಂದು ಚೀಲ ಸೊಪ್ಪು ಒಟ್ಟಿಗೆ ಬಂದಿಳಿದದ್ದನ್ನು ನೋಡಿ ಮೊದಲು ಬಂದವಳು ಎದುರುಮನೆಯ ಜಲಜಮ್ಮ. ಅವಳ ಹಿಂದೆ ವೆಲ್ಡಿಂಗ್ ಅಂಗಡಿಯ ಮಲ್ಲಿಕ್. ಅವನ ಹಿಂದೆ ಉಳಿದವರು.

ಹೇಮಶ್ರೀ ಬಾಗಿಲಲ್ಲಿ ನಿಂತಿದ್ದಳು. ಸೊರಗಿದ್ದಳು. "ಹೇಳಿದ್ರಾ?" ಎಂದು ಕಣ್ಣಲ್ಲೇ ಕೇಳಿದಳು. ಕಾಂತರಾಜ್ ಸೊಪ್ಪಿನ ಚೀಲವನ್ನು ಎತ್ತಿ ತೋರಿಸಿದ. ಅವಳು ಮುಖ ತಿರುಗಿಸಿದಳು.

"ಮಾವ, ಎಲ್ಲರೂ ಕೈ ಚಾಚಿ. ಇವತ್ತು ಒಂದು ಪ್ರಯೋಗ ಮಾಡಿ ತೋರಿಸ್ತೀನಿ" ಎಂದು ಕಾಂತರಾಜ್ ತರಗತಿಯ ಗಂಟಲಿನಲ್ಲಿ ಶುರುಮಾಡಿದ. ಅಳಿಯ ಕೇಳಿದ್ದಕ್ಕೆ ಓಬಯ್ಯ ಚಾಚಿದ. ಬಂಗಾರಮ್ಮ ಚಾಚಿದಳು. ಜಲಜಮ್ಮ ಎರಡೂ ಕೈ ಚಾಚಿದಳು. ಮಲ್ಲಿಕ್ ತನ್ನ ಮಸಿ ಹಿಡಿದ ಅಂಗೈಯನ್ನು ಪ್ಯಾಂಟಿಗೆ ಒರೆಸಿ, "ಅರೆ, ನಮ್ದೂ ನಸೀಬು ನೋಡಿ ಮೇಷ್ಟ್ರೇ" ಎಂದು ಚಾಚಿದ. ಎಲ್ಲರ ಅಂಗೈಗೂ ಹೊಸದಾಗಿ ಹಿಂಡಿದ ರಸ ಬಿತ್ತು. ಜೊತೆಗಿರಲಿ ಎಂದು ಒಂದು ಸ್ಟೀಲ್ ತಟ್ಟೆಗೂ ಬಿಟ್ಟ. ಆ ಹೊತ್ತಿಗೆ ಸೋಗಾನೆಯ ವಿಮಾನ ನಿಲ್ದಾಣದಲ್ಲಿ ಇಳಿಯುವ ವಿಮಾನವೊಂದು ಮೇಲೆ ಹೋಯಿತು. ಎಲ್ಲರೂ ಕೈ ಅಲುಗಿಸದೆ ಕತ್ತು ಮಾತ್ರ ಎತ್ತಿ ನೋಡಿದರು. ವಿಮಾನದಲ್ಲಿದ್ದವರಿಗೆ ಭದ್ರಾವತಿ ಜನ ತಮ್ಮನ್ನು ಏನೋ ಬೇಡುತ್ತಿದ್ದಾರೆ ಅನ್ನಿಸಿರಬೇಕು.

ಕತ್ತು ಇಳಿಸುವಷ್ಟರಲ್ಲಿ ಎಲ್ಲರದೂ ಗಟ್ಟಿಯಾಗಿತ್ತು. ತಟ್ಟೆಯದೂ.

"ನೋಡಿದ್ರಾ?" ಕಾಂತರಾಜ್ ಬೀಗಿದ. "ಎಲ್ಲರದೂ ಗಟ್ಟಿಯಾಯ್ತು. ಇದರಿಂದ ಏನು ಗೊತ್ತಾಗುತ್ತೆ?"

ಜಲಜಮ್ಮ ತನ್ನ ಅಂಗೈಯ ಹಸಿರು ಮುದ್ದೆಯನ್ನು ನೋಡುತ್ತ ಮೆಲ್ಲಗೆ ಉತ್ತರ ಕೊಟ್ಟಳು. "ನಮಗೆಲ್ಲಾ ಮದ್ದು ಬಿದ್ದಿದೆ ಅಂತ ಗೊತ್ತಾಗುತ್ತೆ."

ಮೇಷ್ಟ್ರಿಗೆ ತಪ್ಪು ಉತ್ತರ ಹೊಸದಲ್ಲ. ಆದರೆ ಇಡೀ ತರಗತಿ ಒಟ್ಟಿಗೆ ತಲೆಯಾಡಿಸಿದ್ದು ಅವನಿಗೆ ಹೊಸದು. "ಅಲ್ಲಮ್ಮ, ತಟ್ಟೆ ನೋಡಿ. ತಟ್ಟೆಗೆ ಹೊಟ್ಟೆ ಎಲ್ಲಿದೆ?"

"ಹೊಟ್ಟೆ ಇಲ್ಲ ಸರಿ. ಊಟ ಮೊದ್ಲು ಬೀಳೋದು ತಟ್ಟೆಗೇ ಅಲ್ವಾ?"

ಅಷ್ಟರಲ್ಲಿ ಯಾರೋ, ಇಡೀ ಸಾಲಿಗೆ ಒಟ್ಟಿಗೆ ಹಾಕಬೇಕಾದರೆ ಎಲ್ಲರೂ ತಿಂದದ್ದೇನು ಎಂದು ಕೇಳಿದರು. ಎಲ್ಲರಿಗೂ ಒಟ್ಟಿಗೇ ನೆನಪಾಯಿತು. ತವರಿಗೆ ಬಂದ ಹೇಮಶ್ರೀ ಬೇಜಾರು ಕಳೆಯಲು ಹೋದ ವಾರ ಕಜ್ಜಾಯ ಸುಟ್ಟು ಮನೆಮನೆಗೂ ಹಂಚಿದ್ದಳು. ಬಂಗಾರಮ್ಮ ಕಜ್ಜಾಯ ತಿಂದಿರಲಿಲ್ಲ, ಆದರೆ ಮದುವೆಯಾದಾಗಿನಿಂದ ಸೊಸೆಯ ಕೈ ಅಡಿಗೆ ಉಂಡಿದ್ದಳು.

"ನಂಗೂ ಹಾಕಿದಾಳೆ" ಎಂದು ಬಂಗಾರಮ್ಮ ಗಟ್ಟಿಯಾದ ರಸವನ್ನು ಬೀಗಿತ್ತಿಗೆ ತೋರಿಸುವ ಒಡವೆಯಂತೆ ಎತ್ತಿ ಹಿಡಿದಳು.

"ಹೇಮಾ, ಕಜ್ಜಾಯಕ್ಕೆ ಏನಮ್ಮ ಹಾಕಿದ್ದೆ?" ಎಂದಳು ಜಲಜಮ್ಮ.

"ಬೆಲ್ಲ" ಎಂದಳು ಹೇಮಶ್ರೀ. ಓಬಯ್ಯ ಚಿಮಣಿಯ ಕಡೆ ನೋಡುತ್ತ ಕೂತ. ಮಗಳು ಹುಟ್ಟಿ ಬೆಳೆದ ಸಾಲಿನಲ್ಲೇ ಅವಳಿಗೆ ಮದ್ದು ಹಾಕುವವಳೆಂಬ ಪಟ್ಟ ಬರುತ್ತಿದ್ದದ್ದನ್ನು ಕಾಂತರಾಜ್ ಕಂಡ. ಒಬ್ಬಳ ಮೇಲಿದ್ದ ಅನುಮಾನವನ್ನು ತೆಗೆಯಲು ಬಂದು ಊರಿಗೆಲ್ಲ ಹಂಚಿದ್ದ.

"ತಡೀರಿ. ನಾನು ಕಜ್ಜಾಯ ತಿಂದಿಲ್ಲ, ಇವಳ ಕೈ ಊಟ ಮಾಡಿ ಎಷ್ಟೋ ದಿನ ಆಯ್ತು. ನನ್ನ ಕೈಲೂ ಗಟ್ಟಿಯಾದ್ರೆ ಅದು ಸೊಪ್ಪಿನ ಗುಣ ಅಂತ ಒಪ್ತೀರಾ?"

ಒಪ್ಪಿದರು. ಆದರೆ ಸೊಪ್ಪು ಮುಗಿದಿತ್ತು. ಹಿಂಡಿ ಬಿಸಾಡಿದ್ದ ಚರಟವನ್ನೇ ಆಯ್ದು, ನೀರು ಚಿಮುಕಿಸಿ, ಮತ್ತೊಮ್ಮೆ ಹಿಂಡಿ ಅಂಗೈಗೆ ಬಿಟ್ಟುಕೊಂಡ. ಕಾದರು. ಇನ್ನೂ ಕಾದರು. ರಸ ಮೊಣಕೈ ತನಕ ಹರಿದು, ಶರ್ಟಿನ ತೋಳನ್ನು ಹಸಿರು ಮಾಡಿ, ಹನಿಹನಿಯಾಗಿ ಮಾವನ ಅಂಗಳಕ್ಕೆ ಬಿತ್ತು.

"ಮೇಷ್ಟ್ರಿಗೆ ಮಾತ್ರ ಇಲ್ಲ" ಎಂದ ಮಲ್ಲಿಕ್, ಎರಡು ಹೆಜ್ಜೆ ಹಿಂದೆ ಸರಿಯುತ್ತ. "ಹಾಕೋನಿಗೆ ಹಿಡಿಯಲ್ಲ ಅಂತಾರಲ್ಲ."

"ಬಾಯಿ ಮುಚ್ಚಪ್ಪ" ಎಂದು ಬಂಗಾರಮ್ಮ ಮಗನ ರಕ್ಷಣೆಗೆ ಮುಂದೆ ಬಂದಳು. "ನನ್ನ ಮಗನಿಗೆ ಅಷ್ಟು ಧೈರ್ಯ ಎಲ್ಲೈತೆ? ಇವನಿಗೂ ಬಿದ್ದಿತ್ತು, ನಾನೇ ಕಣ್ಣಾರೆ ನೋಡಿದೀನಿ. ಗಾಜನೂರು ಜಟ್ಟಪ್ಪನ ಮದ್ದು ದಿನಾ ಕುಡಿಸ್ದೆ. ಇದ್ದಬದ್ದದ್ದೆಲ್ಲ ಇಳಿದು ಬೆಳಿಗ್ಗೆ ಬಸ್ಸಲ್ಲೇ ಬಾಟ್ಲಿಗೆ ಬಂತು. ಈಗ ನೋಡಿ, ಹೊಟ್ಟೆ ತೊಳೆದಿಟ್ಟಂಗೈತೆ."

ಸಾಲಿನ ಜನ ಕಾಂತರಾಜನ ಹೊಟ್ಟೆಯನ್ನು ಗೌರವದಿಂದ ನೋಡಿದರು. ಜಟ್ಟಪ್ಪನ ಫೋನ್ ನಂಬರು ಇದೆಯೇ ಎಂದು ಜಲಜಮ್ಮ ಕೇಳಿದಳು. ಭಾನುವಾರ ಸಿಗುತ್ತಾರಾ, ಮೊದಲೇ ಹೇಳಿ ಹೋಗಬೇಕಾ ಎಂದು ಇನ್ನೊಬ್ಬರು ಕೇಳಿದರು. ಬಂಗಾರಮ್ಮ ಸೆರಗಿನ ಗಂಟಿನಿಂದ ಚೀಟಿ ತೆಗೆದು ನಂಬರು ಹೇಳತೊಡಗಿದಳು. ಬಾಗಿಲಲ್ಲಿ ಹೇಮಶ್ರೀ ಸೆರಗನ್ನು ಬಾಯಿಗೆ ಅಡ್ಡ ಹಿಡಿದು ಅಳುತ್ತಿದ್ದಳು.

ಆಗ ಏನಾಯಿತೋ ಕಾಂತರಾಜನಿಗೇ ತಿಳಿಯಲಿಲ್ಲ.

"ಅವ್ವ, ಸಾಕು ನಿಲ್ಸು" ಎಂದ.

ಧ್ವನಿ ಎಲ್ಲಿಂದ ಬಂತೆಂದು ಬಂಗಾರಮ್ಮ ಸುತ್ತ ನೋಡಿದಳು. ಮಗನ ಬಾಯಿಂದಲೇ ಬಂದಿತ್ತು.

"ಅದು ದಾಗಡಿ ಸೊಪ್ಪು. ಕಲ್ಲಿನ ಮೇಲೆ ಬಿಟ್ರೂ ಗಟ್ಟಿಯಾಗುತ್ತೆ, ಹಿಂಡಿದ ಚರಟಕ್ಕೆ ನೀರು ಬೆರೆಸಿದ್ರೆ ಆಗಲ್ಲ. ಅವತ್ತೇ ಹೇಳ್ಬೇಕಿತ್ತು, ಹೆದರಿ ಹೇಳ್ಲಿಲ್ಲ. ಜಟ್ಟಪ್ಪನ ಮದ್ದು ಒಂದು ದಿನಾನೂ ಕುಡಿದಿಲ್ಲ ನಾನು, ದಾಸವಾಳಕ್ಕೆ ಸುರಿದೆ. ನನ್ನ ಹೆಂಡ್ತಿ ನನ್ನ ಅನ್ನಕ್ಕಾಗಲಿ ನೀರಿಗಾಗಲಿ ಏನೂ ಬೆರೆಸಿಲ್ಲ. ಬೇಕಾದ್ರೆ ನಮ್ಮಪ್ಪನ ಆಣೆ. ಇನ್ನು ಯಾರಾದ್ರೂ ಅವಳ ಮೇಲೆ ಒಂದು ಮಾತು ಆಡಿದ್ರೆ..."

ಮುಂದೆ ಏನು ಹೇಳಬೇಕೆಂದು ಅವನಿಗೆ ಗೊತ್ತಾಗಲಿಲ್ಲ. ಜೀವನದಲ್ಲಿ ಇಷ್ಟು ದೂರ ಅವನು ಬಂದೇ ಇರಲಿಲ್ಲ. ಬಂಗಾರಮ್ಮನ ಕೈಯ ಚೀಟಿ ಕೆಳಗೆ ಬಿತ್ತು. ಕಾಂತರಾಜನ ಎದೆಯೊಳಗೆ ಹಬ್ಬವಾಗುತ್ತಿತ್ತು.

ಹೇಮಶ್ರೀ ಬಾಗಿಲು ಬಿಟ್ಟು ಓಡಿಬಂದಳು. ಕೆನ್ನೆ ಒದ್ದೆಯಿತ್ತು, ಮುಖ ಅರಳಿತ್ತು. ಗಂಡನ ಹಸಿರು ತೋಳನ್ನು ಹಿಡಿದುಕೊಂಡು ತಂದೆಯ ಕಡೆ ತಿರುಗಿ, "ಅಪ್ಪ, ಬಾಯಿ ಬಂತು ಇವರಿಗೆ. ಬಜೆ ಕೆಲಸ ಮಾಡ್ತು" ಎಂದಳು.

ಅಂದ ಮೇಲೆ ನಾಲಿಗೆ ಕಚ್ಚಿಕೊಂಡಳು.

"ಯಾವ ಬಜೆ?" ಎಂದಳು ಬಂಗಾರಮ್ಮ.

ಕೂಸುಗಳಿಗೆ ಮಾತು ಚೊಕ್ಕವಾಗಿ ಬರಲಿ ಎಂದು ಬಜೆಬೇರು ತೇಯ್ದು, ಸಾಸಿವೆ ಕಾಳಿನಷ್ಟು ನಾಲಿಗೆಗೆ ಮುಟ್ಟಿಸುವುದು ಎಲ್ಲ ಮನೆಯಲ್ಲೂ ಇರುವುದೇ. ಹೇಮಶ್ರೀ ತಲೆ ತಗ್ಗಿಸಿ ಎಲ್ಲ ಹೇಳಿದಳು. ಗಂಡ ಅತ್ತೆಯೆದುರಿಗೆ ಒಂದು ಮಾತೂ ಆಡದ್ದನ್ನು ನೋಡಿ ನೋಡಿ ಸಾಕಾಗಿ, ತವರಿಗೆ ಬರುವ ತನಕವೂ ದಿನಾ ಬೆಳಗ್ಗೆ ಅವನ ಕಷಾಯದಲ್ಲಿ ಬಜೆ ತೇಯ್ದು ಹಾಕುತ್ತಿದ್ದಳು.

"ಎಷ್ಟು ಹಾಕ್ತಿದ್ದೆ?"

"ಒಂದು ಚಮಚ. ಕೂಸಿಗೆ ಸಾಸಿವೆಯಷ್ಟು ಅಂದ್ರೆ, ಇವರಿಗೆ ಅಷ್ಟಾದ್ರೂ ಬೇಕಲ್ಲ ಅತ್ತೆ."

ಬಾಣಂತಿ ಮನೆಯ ಆ ವಾಸನೆ. ಹೊಟ್ಟೆಯ ಉರಿ. ಅವಳು ಹೋದ ಮೇಲೆ ಇಳಿದ ಉರಿ. ಕಾಂತರಾಜನ ತಲೆಯೊಳಗೆ ಎಲ್ಲವೂ ದಾಗಡಿ ರಸದಂತೆ ಹೆಪ್ಪುಗಟ್ಟಿತು. ಪರೀಕ್ಷೆ ಸುಳ್ಳು, ಫಲಿತಾಂಶ ನಿಜ. ಮನೆಯ ಅನ್ನದಲ್ಲೇ, ಹೆಣ್ಣು ಕೈಯಿಂದಲೇ ಬಂದಿತ್ತು. ಸತ್ತ ಅಪ್ಪನ ಆಣೆ ಇನ್ನೂ ಅಂಗಳದಲ್ಲಿ ಹಸಿಯಾಗಿ ಬಿದ್ದಿತ್ತು.

"ಕೇಳಿದ್ರಲ್ಲ ಎಲ್ಲರೂ? ಏನೂ ಬೆರೆಸಿಲ್ವಂತೆ" ಎಂದಳು ಬಂಗಾರಮ್ಮ. ಸಿಟ್ಟು ಮಾತ್ರ ಬರಲಿಲ್ಲ. ಗೆದ್ದವರಿಗೆ ಸಿಟ್ಟು ಬೇಗ ಬರುವುದಿಲ್ಲ. ಸೊಸೆಯನ್ನು ಮೊದಲ ಸಲ ನೋಡುವವಳಂತೆ ನೋಡಿ, ದನಿ ತಗ್ಗಿಸಿ ಹೇಳಿದಳು. "ಇವನು ಕೂಸಿದ್ದಾಗ ನಾನು ಬಜೆ ಮುಟ್ಟಿಸ್ಲೇ ಇಲ್ಲ ಕಣೇ. ಇವರಪ್ಪನಿಗೆ ಬಾಯಿ ಬಹಳ ಇತ್ತು. ಒಂದು ಮನೇಲಿ ಅಂಥೋರು ಇಬ್ರು ಬೇಡ ಅಂತ."

"ಅದಕ್ಕೇ ಮತ್ತೆ" ಎಂದಳು ಹೇಮಶ್ರೀ.

ಯಾರೋ ಮದ್ದು ಹಾಕಿದ್ದಾರೆ ಎಂದು ಅವ್ವ ಹೇಳಿದ್ದಳು, ಹಾಕಿದ್ದರು. ಅವನು ಬಾಯಿಬಿಟ್ಟರೆ ಬರುತ್ತೇನೆ ಎಂದು ಹೆಂಡತಿ ಹೇಳಿದ್ದಳು, ಮಾತಿನಂತೆ ಬ್ಯಾಗು ಹಿಡಿದು ಹೊರಟಳು. ಇಬ್ಬರೂ ಗೆದ್ದಿದ್ದರು. ಸಂಜೆಯ ಬಸ್ಸಿನಲ್ಲಿ ಅತ್ತೆ ಸೊಸೆ ಒಂದೇ ಸೀಟಿನಲ್ಲಿ ಕೂತರು. ಜಾಗವಿಲ್ಲದೆ ಕಾಂತರಾಜ್ ಅವರ ಹಿಂದೆ ಕಂಬಿ ಹಿಡಿದು ನಿಂತ.

"ಬಜೆ ನಿಲ್ಸಿದ್ರೆ ಮತ್ತೆ ಬಾಯಿ ಹೋಗುತ್ತೆ ಅತ್ತೆ."

"ಹಾಕು, ಬೇಡ ಅನ್ನಲ್ಲ. ಆದ್ರೆ ಅದರ ಉರಿ ಇಳಿಸೋಕೆ ಜಟ್ಟಪ್ಪಂದೂ ಇರ್ಲಿ. ದಾಸವಾಳ ಒಣಗಿಸಿದ ಮದ್ದು, ಸಾಮಾನ್ಯದ್ದಲ್ಲ. ಬೆಳಿಗ್ಗೆ ನಿಂದು, ಸಂಜೆ ನಂದು."

ಹಿಂದೆ ನಿಂತಿದ್ದ ಕಾಂತರಾಜನಿಗೆ ಒಂದು ಮಾತು ಹೊಳೆಯಿತು. ಬಜೆ ನಿಂತು ವಾರಗಳೇ ಆಗಿದ್ದವು. ಜಟ್ಟಪ್ಪನ ರಸ ಗಂಟಲಿಗೆ ಇಳಿದೇ ಇರಲಿಲ್ಲ. ಇವತ್ತು ಅಂಗಳದಲ್ಲಿ ಬಂದ ಮಾತು ಯಾವ ಬೇರಿನದೂ ಅಲ್ಲ, ಯಾವ ಸೊಪ್ಪಿನದೂ ಅಲ್ಲ. ಅವನದೇ. ಬದುಕಿನಲ್ಲಿ ಅವನು ಸ್ವಂತವಾಗಿ ಮಾಡಿದ ಒಂದೇ ಒಂದು ಧೈರ್ಯ, ಮತ್ತು ಅದರ ಹೆಸರು ಆಗಲೇ ಬಜೆಯ ಖಾತೆಗೆ ಹೋಗಿತ್ತು. ಇದನ್ನು ಈಗಲೇ ಹೇಳಬೇಕು ಎಂದುಕೊಂಡ. ಮುಂದಕ್ಕೆ ಬಗ್ಗಿದ. ಅವ್ವ ತಿರುಗಿ ನೋಡಿದಳು. ಹೆಂಡತಿಯೂ ತಿರುಗಿ ನೋಡಿದಳು.

"ಏನೋ?"

"ಏನಿಲ್ಲ. ಕಿಟಕಿ ಹಾಕ್ಲಾ ಅಂತ."

ಮನೆ ತಲುಪಿ ದೀಪ ಹಾಕುವಷ್ಟರಲ್ಲಿ ಅಡಿಗೆಮನೆಯಿಂದ ಅವ್ವ ಒಂದು ಲೋಟ ತಂದಳು, ಕಪ್ಪಗಿತ್ತು. ಹಿಂದೆಯೇ ಹೇಮಶ್ರೀ ಒಂದು ಲೋಟ ತಂದಳು. ಇಷ್ಟು ದಿನ ತಪ್ಪಿಹೋದದ್ದಕ್ಕೆ ಇವತ್ತೊಂದು ಸಂಜೆಯೂ ಇರಲಿ ಎಂದಳು. ಹಿತ್ತಲ ಬಾಗಿಲಿಗೆ ಅವ್ವ ಆಗಲೇ ಚಿಲಕ ಹಾಕಿದ್ದಳು. ಇಬ್ಬರೂ ಎದುರಿಗೆ ನಿಂತು ಅವನ ಬಾಯನ್ನೇ ನೋಡುತ್ತ ಕಾದರು.

ಕಾಂತರಾಜ್ ಬಾಯಿ ತೆರೆದ. ಕುಡಿಯುವುದಕ್ಕೆ.